ಹದಿನೇಳನೇ ಡಬ್ಬಿಯ ಮುಚ್ಚಳ

ಕಣಜ ಎಂದ ಕೂಡಲೇ ಜನ ಕೈ ಹಿಂದೆಳೆದುಕೊಳ್ಳುತ್ತಾರೆ. ನಾನು ಕೆಲಸ ಮಾಡುವ ಕಣಜಗಳು ಕಚ್ಚುವುದಿಲ್ಲ. ಸಾಸಿವೆ ಕಾಳಿನ ಪಕ್ಕದಲ್ಲಿಟ್ಟರೆ ಅವೇ ಚಿಕ್ಕವು. ಬೇರೊಂದು ಹುಳದ ಮರಿಯ ಮೇಲೆ ತತ್ತಿ ಇಟ್ಟು ಹೋಗುತ್ತವೆ. ತತ್ತಿಯಿಂದ ಬಂದದ್ದು ಆ ಹುಳವನ್ನೇ ತಿಂದು ಬೆಳೆಯುತ್ತದೆ. ಪುಸ್ತಕದಲ್ಲಿ ಇವಕ್ಕೆ ಪರಾವಲಂಬಿ ಕಣಜ ಎಂದು ಹೆಸರು. ಎಷ್ಟೋ ಜಾತಿಗಳನ್ನು ಇನ್ನೂ ಯಾರೂ ನೋಡಿಲ್ಲ. ಅಂಥವನ್ನು ಹುಡುಕಿ, ಅಳತೆ ತೆಗೆದು, ಗೊತ್ತಿರುವ ಜಾತಿಗಳಿಗಿಂತ ಹೇಗೆ ಬೇರೆ ಎಂದು ಬರೆದು ಹೆಸರಿಡುವ ಯೋಜನೆಯೊಂದರಲ್ಲಿ ನಾನು ಸಹಾಯಕಿ. ಎಂ.ಎಸ್ಸಿ. ಮುಗಿದ ಮೇಲೆ ಸಿಕ್ಕ ಮೊದಲ ಕೆಲಸ.

ನನ್ನ ಪಾಲಿಗೆ ಬಂದದ್ದು ಬನ್ನಿ ಮರ. ಬನ್ನಿಯ ಎಳೆಯ ಟೊಂಗೆಯಲ್ಲಿ ಒಂದು ಜಾತಿಯ ಸಣ್ಣ ನೊಣ ತತ್ತಿ ಇಡುತ್ತದೆ. ಆ ಜಾಗ ಕಡಲೆಕಾಳಿನಷ್ಟು ಗಂಟಾಗಿ ಊದುತ್ತದೆ. ನೊಣದ ಮರಿ ಗಂಟಿನೊಳಗೆ ಸುಖವಾಗಿ ಕೂತಿರುವಾಗ ಕಣಜ ಹೊರಗಿನಿಂದ ಸೂಜಿ ಚುಚ್ಚಿ ತನ್ನ ತತ್ತಿಯನ್ನು ಒಳಗೆ ಬಿಡುತ್ತದೆ. ಗಂಟಿರುವ ಟೊಂಗೆ ಮುರಿದು ತಂದು ಡಬ್ಬಿಯಲ್ಲಿಟ್ಟು ಕಾದರೆ ಕೆಲವು ಗಂಟಿನಿಂದ ನೊಣ ಬರುತ್ತದೆ, ಕೆಲವು ಗಂಟಿನಿಂದ ಕಣಜ. ದಿನಾ ಬೆಳಿಗ್ಗೆ ಹೊರಬಂದದ್ದನ್ನು ಎಣಿಸಿ ತೆಗೆಯಬೇಕು, ಬರೆದಿಡಬೇಕು.

ಬರೆದಿಡುವುದು ನನಗೆ ಹೊಸದಲ್ಲ. ಎಂಟನೇ ಇಯತ್ತೆಯಿಂದ ದಿನಚರಿ ಇಟ್ಟಿದ್ದೇನೆ. ಯಾವ ತಾರೀಖಿಗೆ ಮಳೆ, ಎಷ್ಟು ಗಂಟೆಗೆ ಬಸ್ಸು, ಎಷ್ಟು ರೊಟ್ಟಿ ತಿಂದೆ, ಎಲ್ಲ ಇದೆ. ಮನೆಯಲ್ಲಿ ಯಾವುದಾದರೂ ತಾರೀಖಿನ ಬಗ್ಗೆ ವಾದ ಬಿದ್ದರೆ ಅವ್ವ, "ಆಕಿ ಪುಸ್ತಕ ತಗೀರಿ" ಎನ್ನುತ್ತಾಳೆ. ಆ ಮಾತು ಕೇಳಲು ನನಗೆ ಬಹಳ ಸೇರುತ್ತಿತ್ತು. ಈಗ ಸೇರುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲೂಕಿನಲ್ಲಿ ಆರಾರು ಮರ ಆರಿಸಿದ್ದೆ. ಇಪ್ಪತ್ನಾಲ್ಕು ಮರ, ಇಪ್ಪತ್ನಾಲ್ಕು ಡಬ್ಬಿ. ಕಾಲೇಜಿನ ಪ್ರಯೋಗಶಾಲೆ ದೂರವಾದ್ದರಿಂದ ಡಬ್ಬಿಗಳನ್ನು ಬನಹಟ್ಟಿಯ ನಮ್ಮ ಮನೆಯಲ್ಲೇ ಇಟ್ಟೆ. ಕಿರಾಣಿ ಅಂಗಡಿಯವರು ಪೆಪ್ಪರಮೆಂಟು ತುಂಬಿಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳು ಅವು. ಮುಚ್ಚಳದ ನಡುವೆ ರೂಪಾಯಿಯಗಲ ಕತ್ತರಿಸಿ, ಗಾಳಿಯಾಡಲಿ ಎಂದು ತೆಳುವಾದ ಸೀರೆ ಬಟ್ಟೆಯ ತುಂಡು ಅಂಟಿಸಿದ್ದೆ. ನಮ್ಮ ಮನೆಯ ಹಿಂದಿನ ಅರ್ಧ ಭಾಗದಲ್ಲಿ ಅಪ್ಪನ ಮಗ್ಗಗಳಿವೆ, ಬಟ್ಟೆಗೆ ಬರವಿಲ್ಲ. ಮುಚ್ಚಳದ ಅಂಚಿಗೆ ಮಾರ್ಕರ್ ಪೆನ್ನಿನಿಂದ ನಂಬರ್ ಹಾಕಿದ್ದೆ.

ನಂಬರ್ ಮುಚ್ಚಳದ ಮೇಲೆ ಹಾಕಬಾರದು. ಪೆನ್ಸಿಲಿನಲ್ಲಿ ಬರೆದ ಚೀಟಿ ಡಬ್ಬಿಯ ಒಳಗಿರಬೇಕು, ಟೊಂಗೆಯ ಜೊತೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಯೋಜನೆ ನಡೆಸುವ ಮೇಡಂ ಇದನ್ನು ಹೇಳಿದ್ದರು. ನಾನದನ್ನು ಬರೆದುಕೊಂಡೂ ಇದ್ದೆ. ಇಪ್ಪತ್ನಾಲ್ಕು ಚೀಟಿ ಬರೆಯಲು ಬೇಸರವಾಗಿ, ನನ್ನ ಪುಸ್ತಕದಲ್ಲಿ ಎಲ್ಲ ಇರುತ್ತದಲ್ಲ ಎಂದು ಬಿಟ್ಟೆ.

ಒಂಬತ್ತನೇ ಡಬ್ಬಿಯದು ಮುಧೋಳ ತಾಲೂಕಿನ ರನ್ನ ಬೆಳಗಲಿಯ ಮರ. ಸಾಲಿಯ ಅಂಗಳದಲ್ಲಿ ಕಟ್ಟೆ ಕಟ್ಟಿಸಿಕೊಂಡು, ಸುಣ್ಣ ಬಳಿಸಿಕೊಂಡು ನಿಂತಿದೆ. ದಸರೆ ಮುಗಿಯುವ ತನಕ ಟೊಂಗೆ ಮುಟ್ಟಲು ಊರವರು ಬಿಡಲಿಲ್ಲ. ದಸರೆ ಅಕ್ಟೋಬರ್ ಹನ್ನೆರಡಕ್ಕೆ, ನಾನು ಹೋದದ್ದು ಹದಿನಾಲ್ಕಕ್ಕೆ. ಮೂವತ್ತೊಂದು ಗಂಟು ಸಿಕ್ಕವು.

ಹದಿನೇಳನೇ ಡಬ್ಬಿಯದು ಹಿಪ್ಪರಗಿಯ ಮರ. ಅದಕ್ಕೆ ಹೋದದ್ದು ಹದಿನೆಂಟಕ್ಕೆ. ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಕಬ್ಬಿನ ಹೊಲವೊಂದರ ಮೂಲೆಯಲ್ಲಿ ಆ ಬನ್ನಿ ಇತ್ತು. ಹೊಲ ಒಂದು ಕುರುಬರ ಮನೆಯದು. ಕುರಿಗಳನ್ನು ಈಗ ಮೈದುನ ನೋಡಿಕೊಳ್ಳುತ್ತಾನೆ, ಗಂಡ ಹೆಂಡತಿ ಕಬ್ಬು ಮಾಡುತ್ತಾರೆ. ಇಬ್ಬರಿಗೂ ಐವತ್ತರ ಮೇಲೆ. ನಾನು ಕಾಕಾ, ಕಾಕು ಎಂದೆ. ಮರದ ಕೆಳಗೆ ಕಾಕು ಕರಿ ಉಣ್ಣೆ ನೂಲುತ್ತ ಕೂತಿದ್ದರು.

"ಏನ ಹುಡಕಾಕತ್ತೀ ತಂಗಿ, ಗಿಡದ ಮ್ಯಾಲ?" ಎಂದು ಕಾಕಾ ಕೇಳಿದರು.

"ಸಣ್ಣ ಕಣಜ ಹುಡಕಾಕತ್ತೇನ್ರಿ ಕಾಕಾ."

"ಮಂದಿ ಕಣಜ ಕಂಡ್ರ ಓಡತಾರ. ನೀ ಬನಹಟ್ಟಿಯಿಂದ ಹುಡಕ್ಕೊಂಡ ಬಂದಿ. ಓದಿದ್ರ ಹಿಂಗ ಆಕ್ಕೈತಿ ನೋಡ."

"ಓದಿದಾಕಿ ಕಣಜ ಹುಡಕತಾಳ," ಎಂದರು ಕಾಕು, ಕದಿರು ನಿಲ್ಲಿಸದೆ. "ಓದಲಾರದವ್ರು ಕೊಡ್ಲಿ ಹುಡಕತಾರ."

ಕೊಡಲಿಯ ಮಾತು ಯಾಕೆ ಬಂತೆಂದು ಆಮೇಲೆ ತಿಳಿಯಿತು. ಮರದ ನೆರಳಿಗೆ ಎರಡು ಸಾಲು ಕಬ್ಬು ಏಳುವುದಿಲ್ಲ. ಆ ಮೂಲೆಯಲ್ಲಿ ಟ್ರ್ಯಾಕ್ಟರ್ ತಿರುಗಿಸಲು ಬರುವುದಿಲ್ಲ. ಕಡಿಸಬೇಕೆಂದು ಕಾಕಾ ನಾಲ್ಕು ವರ್ಷದಿಂದ ಹೇಳುತ್ತಿದ್ದರು. ಕಾಕು ಬಿಟ್ಟಿರಲಿಲ್ಲ. ಅದು ಅವರ ಅತ್ತೆ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರ.

"ಬೀರಪ್ಪನ ಮುಂದ ಹೂ ಏರಿಸಿ ಕೇಳೇನಿ," ಎಂದರು ಕಾಕಾ. "ಹೋದ ಅಮಾಸಿಗೆ. ಬಲಕ ಬಿದ್ರ ಕಡಿ, ಎಡಕ ಬಿದ್ರ ಬಿಡು, ಅಂತ. ಏನ ಆತಂತಿ? ಹೂ ಬೀಳಲೇ ಇಲ್ಲ. ಎರಡ ತಾಸ ಕುಂತ್ವಿ. ಹಚ್ಚಿದಲ್ಲೇ ನಿಂತಿತ್ತು."

"ಇವ್ರ ಕಿವುಡ ಅದಾರ ಅಂತ ದೇವ್ರಿಗೆ ಗೊತ್ತೈತಿ," ಎಂದರು ಕಾಕು. "ಮಾತಾಡಿ ಏನ ಮಾಡೂದು ಅಂತ ಸುಮ್ಮ ಕುಂತಾನ."

ಕಾಕಾ ನಕ್ಕರು. ಆಮೇಲೆ ನನ್ನ ಕೈಯಲ್ಲಿದ್ದ ಡಬ್ಬಿಯನ್ನು ತೆಗೆದುಕೊಂಡು ತಿರುಗಿಸಿ ನೋಡಿದರು.

"ಇದರಾಗ ಹೊಸಾದ ಬಂದ್ರ ನಿಮಗ ಗೊತ್ತಾಕ್ಕೈತಿ?"

"ಆಕ್ಕೈತ್ರಿ. ಯಾರೂ ಕಾಣಲಾರದ ಜಾತಿ ಬಂದ್ರ ಅದಕ್ಕ ಹೆಸರ ಇಡತೀವಿ."

"ಹಂಗಾರ ಒಂದ ಮಾತು. ನಮ್ಮ ಗಿಡದಾಗ ಅಂಥಾದ್ದೊಂದ ಬಂತಂದ್ರ ಗಿಡ ಬಿಡ್ತೇನಿ. ನಾ ಇರೂ ತನಕ ಯಾರೂ ಕೊಡ್ಲಿ ಹಚ್ಚಂಗಿಲ್ಲ. ಬರಲಿಲ್ಲಂದ್ರ ಕಬ್ಬ ಹೋದ ಮ್ಯಾಲ ಗಿಡಾನೂ ಹೋತು." ಹೆಂಡತಿಯ ಕಡೆ ತಿರುಗಿದರು. "ಏನಂತಿ?"

ಕಾಕು ಕದಿರು ನಿಲ್ಲಿಸಿ ನನ್ನ ಮುಖ ನೋಡಿದರು. "ನೀ ಖರೆ ಹೇಳ್ತೀಯಲ್ಲ?"

"ಖರೆ ಹೇಳ್ತೇನ್ರಿ ಕಾಕು."

"ಹಂಗಾರ ಆತು."

ನಾನು ಆಗಲೇ ಬೇಡವೆನ್ನಬೇಕಿತ್ತು. ಇಪ್ಪತ್ತೈದು ಗಂಟಿನ ಮೇಲೆ ಮರದ ಹಣೆಬರಹ ಬರೆಯಲಾಗುವುದಿಲ್ಲ, ಈ ಸಲ ಬರದಿದ್ದದ್ದು ಮುಂದಿನ ಸಲ ಬರಬಹುದು ಎಂದು ಹೇಳಬೇಕಿತ್ತು. ಹೇಳಲಿಲ್ಲ. ದೇವರು ಕೊಡದ ಉತ್ತರವನ್ನು ನನ್ನ ಡಬ್ಬಿ ಕೊಡಲಿದೆ ಎಂಬುದು ಒಳಗೊಳಗೇ ಹಿತವಾಗಿತ್ತು. ಕಾಕು ತಾವೇ ಎದ್ದು, ಮರಕ್ಕೆ ಹಣೆ ಮುಟ್ಟಿಸಿ, ಗಂಟಿದ್ದ ಟೊಂಗೆಗಳನ್ನು ಆರಿಸಿ ಮುರಿದರು. ಕದಿರಿನಿಂದ ಒಂದು ಗೇಣು ಕರಿ ಉಣ್ಣೆಯ ದಾರ ಹರಿದು ಟೊಂಗೆಗಳನ್ನು ಕಟ್ಟಿ ಕೊಟ್ಟರು. ಕಟ್ಟು ಬಿಚ್ಚದೆ ಹಾಗೇ ಡಬ್ಬಿಗೆ ಹಾಕಿದೆ. ಆ ದಿನದ ಪುಟದಲ್ಲಿ ಬರೆದದ್ದು ಇಷ್ಟು: ಹಿಪ್ಪರಗಿ, ಗಂಟು 25, ಚಹಾ ಎರಡು ಸಲ, ಬಸ್ಸು 4.40. ದಾರದ ಮಾತು ಬರೆದಿಲ್ಲ.

ಮುಂದಿನ ಎಂಟು ದಿನ ಎಲ್ಲ ಸರಿಯಾಗಿ ನಡೆಯಿತು. ಒಂಬತ್ತನೇ ಡಬ್ಬಿಯಿಂದ ದಿನಾ ಎರಡು ಮೂರು ಹುಳ ಬರುತ್ತಿದ್ದವು, ಹೆಚ್ಚಾಗಿ ನೊಣ, ನಡುವೆ ಒಂದೆರಡು ಮಾಮೂಲಿ ಕಣಜ. ಹದಿನೇಳರಲ್ಲಿ ಎಂಟು ದಿನವೂ ಸೊನ್ನೆ.

ಅಕ್ಟೋಬರ್ ಇಪ್ಪತ್ತಾರು. ಹುಳ ಕೆಡದಂತೆ ಮುಳುಗಿಸಿಡುವ ಆಲ್ಕೋಹಾಲ್ ತರಲು ಜಮಖಂಡಿಗೆ ಹೋಗಿ ಮಧ್ಯಾಹ್ನ ಬಂದೆ. ಅವ್ವ ದೀಪಾವಳಿಗೆ ಮನೆ ತೊಳೆಯುತ್ತಿದ್ದಳು. ಮಗ್ಗದ ಮನೆಯಲ್ಲಿ ಅರಳೆಯ ಧೂಳು ಎಲ್ಲದರ ಮೇಲೂ ಕೂರುತ್ತದೆ, ನನ್ನ ಮುಚ್ಚಳದ ಬಟ್ಟೆಗಳ ಮೇಲೂ ಬೆಳ್ಳಗೆ ಕೂತಿತ್ತು. ಒಳಗಿನ ಹುಳಗಳಿಗೆ ಉಸಿರುಗಟ್ಟೀತು ಎಂದು ಅವ್ವ ಇಪ್ಪತ್ನಾಲ್ಕೂ ಮುಚ್ಚಳ ತೆಗೆದು ಸಾಬೂನು ಹಚ್ಚಿ ತೊಳೆದು ಬಿಸಿಲಿಗಿಟ್ಟಿದ್ದಳು. ಒಂದು ಹುಳವೂ ಹಾರದ ಹಾಗೆ ಡಬ್ಬಿಗಳ ಬಾಯಿಗೆ ಸೀರೆ ತುಂಡು ಕಟ್ಟಿದ್ದಳು. ಆಗ ತಾನೇ ಡಬ್ಬಿಗಳನ್ನು ಕೆಳಗಿಳಿಸಿ ಹಲಗೆಯನ್ನೂ ಒರೆಸಿದ್ದಳು.

ಮುಚ್ಚಳ ನೋಡಿದೆ. ಹೆಚ್ಚಿನವುಗಳ ನಂಬರು ಮಸುಕಾಗಿ ಉಳಿದಿತ್ತು. ಡಬ್ಬಿಗಳನ್ನು ಎರಡು ಸಾಲಾಗಿ ಇಳಿಸಿದ್ದರಿಂದ ಮೊದಲಿನ ಕ್ರಮ ತಪ್ಪಿತ್ತು. ಒಳಗಿನ ಟೊಂಗೆಯ ಗಾತ್ರ, ಗಂಟಿನ ಎಣಿಕೆ ನೋಡಿ ಇಪ್ಪತ್ತೆರಡನ್ನು ಹೊಂದಿಸಿದೆ. ಕೊನೆಗೆ ಎರಡು ಡಬ್ಬಿ, ನಂಬರು ಪೂರ್ತಿ ಅಳಿಸಿಹೋದ ಎರಡು ಮುಚ್ಚಳ ಉಳಿದವು. ಒಂದು ಒಂಬತ್ತು, ಒಂದು ಹದಿನೇಳು. ಅವೆರಡರಲ್ಲೂ ಗಂಟುಗಳು ಟೊಂಗೆಯ ಕಟ್ಟಿನಲ್ಲಿ ಮರೆಯಾಗಿದ್ದವು, ಎಣಿಸಲು ಟೊಂಗೆ ಹೊರಗೆ ತೆಗೆಯಬೇಕಾಗಿತ್ತು. ತೆಗೆದರೆ ಹುಳ ಹಾರಿಹೋಗುತ್ತವೆ. ಒಂದು ಡಬ್ಬಿಯಲ್ಲಿ ಆ ದಿನ ಏಳು ಹುಳ ಹೊರಬಂದು ಕೂತಿದ್ದವು, ಇನ್ನೊಂದರಲ್ಲಿ ಏನೂ ಇರಲಿಲ್ಲ.

ನಾನು ಪುಸ್ತಕ ತೆಗೆದೆ. ಒಂಬತ್ತು ದಿನಾ ಹುಳ ಕೊಟ್ಟ ಡಬ್ಬಿ, ಹದಿನೇಳು ಒಂದೂ ಕೊಡದ ಡಬ್ಬಿ. ಹುಳ ಇರುವುದೇ ಒಂಬತ್ತು ಎಂದು ಬರೆದೆ, ಮುಚ್ಚಳ ಹಾಕಿದೆ, ಪಕ್ಕದಲ್ಲಿ 'ಸರಿ' ಎಂದು ಗುರುತು ಹಾಕಿದೆ. ಒಂಬತ್ತರ ಗಂಟುಗಳು ಅಂದಿಗೆ ಮುಗಿದಿರಬಹುದು, ಹದಿನೇಳರವು ಅಂದೇ ಶುರುವಾಗಿರಬಹುದು ಎಂದು ಹೊಳೆಯಲಿಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು ಕರಿ ದಾರ ಯಾವುದರಲ್ಲಿದೆ ಎಂದು ನೋಡಿದ್ದರೆ ಸಾಕಿತ್ತು. ಅರ್ಧ ನಿಮಿಷದ ಕೆಲಸ. ದಾರ ನನ್ನ ಪುಸ್ತಕದಲ್ಲಿರಲಿಲ್ಲ, ಹಾಗಾಗಿ ನನ್ನ ತಲೆಯಲ್ಲೂ ಇರಲಿಲ್ಲ.

ಆ ಏಳರಲ್ಲಿ ಮೂರು ಕಣಜ ನನಗೆ ಗುರುತು ಸಿಗದವು. ಮುಂದಿನ ಆರು ದಿನದಲ್ಲಿ ಅಂಥವೇ ಇನ್ನೂ ಎಂಟು ಬಂದವು. ಒಟ್ಟು ಹನ್ನೊಂದು, ಒಂಬತ್ತು ಹೆಣ್ಣು, ಎರಡು ಗಂಡು. ಉದ್ದ ಒಂದೂವರೆ ಮಿಲಿಮೀಟರಿಗೆ ಸ್ವಲ್ಪ ಕಡಿಮೆ. ಬೆನ್ನು ನವಿಲುಗರಿಯ ಹಾಗೆ ಹಸಿರು ಹೊಳಪು, ಕಾಲು ಹಳದಿ, ತತ್ತಿಯಿಡುವ ಸೂಜಿ ಹೊಟ್ಟೆಗಿಂತ ಉದ್ದ. ಸೂಕ್ಷ್ಮದರ್ಶಕದ ಕೆಳಗೆ ಮೊದಲ ಹೆಣ್ಣನ್ನು ನೋಡಿದ ದಿನ ಮೇಡಂ ಗೊತ್ತಿರುವ ಜಾತಿಗಳ ಪಟ್ಟಿಗಳನ್ನೆಲ್ಲ ತಿರುವಿ ನೋಡಿದರು. ಆಮೇಲೆ, "ಇದು ಯಾವ ಪಟ್ಟಿಯಲ್ಲೂ ಇಲ್ಲ" ಎಂದರು.

ಅದೇ ತಿಂಗಳು ಕಾಕಾ ಮೂರು ಸಲ ಫೋನ್ ಮಾಡಿದರು. ನವೆಂಬರ್ ನಾಲ್ಕಕ್ಕೆ, "ಏನರ ಬಂತೇನ ತಂಗಿ?" ಎಂದರು. ಇನ್ನೂ ಇಲ್ರಿ, ಸ್ವಲ್ಪ ತಡೀರಿ ಎಂದೆ. ಹದಿನೈದಕ್ಕೆ ಮತ್ತೆ. ಇನ್ನೂ ಇಲ್ರಿ. ಮೂವತ್ತಕ್ಕೆ ಮೂರನೇ ಸಲ. ಅಷ್ಟರಲ್ಲಿ ಎಲ್ಲ ಡಬ್ಬಿಗಳನ್ನು ಮುಚ್ಚಿ ಲೆಕ್ಕ ಮುಗಿಸಿದ್ದೆ. ಹದಿನೇಳರ ಮುಂದೆ ಕೊನೆಯ ತನಕ ಸೊನ್ನೆ.

"ಇಲ್ರಿ ಕಾಕಾ. ನಿಮ್ಮ ಗಿಡದಾಗ ಏನೂ ಬರಲಿಲ್ಲ."

"ಬರೋಬ್ಬರಿ ನೋಡೀಯಲ್ಲ?"

"ಎಲ್ಲಾ ಬರದ ಇಟ್ಟೇನ್ರಿ."

ಅವರು ಹೂಂ ಎಂದರು. ಹಿಂದಿನಿಂದ ಕಾಕು ಏನೋ ಕೇಳಿದ್ದು ಕೇಳಿಸಿತು, ಅವರು "ಇಲ್ಲಂತ" ಎಂದದ್ದೂ ಕೇಳಿಸಿತು. ಆ ಮರ ಇನ್ನು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಎರಡು ದಿನ ಕೆಟ್ಟೆನಿಸಿತು. ಖರೆ ಹೇಳುತ್ತೇನೆ ಎಂದಿದ್ದೆ, ಖರೆ ಹೇಳಿದೆ ಎಂದು ಸಮಾಧಾನ ಮಾಡಿಕೊಂಡೆ.

ಒಂದು ಹೊಸ ಜಾತಿಯನ್ನು ಬರೆಯುವುದು ನಿಧಾನದ ಕೆಲಸ. ಹನ್ನೊಂದು ಕಣಜಗಳನ್ನು ತ್ರಿಕೋನವಾಗಿ ಕತ್ತರಿಸಿದ ಕಾಗದದ ತುದಿಗೆ ಒಂದೊಂದಾಗಿ ಅಂಟಿಸಿ, ಕಾಗದವನ್ನು ಸೂಜಿಗೆ ಚುಚ್ಚಿ, ಸೂಜಿಯಲ್ಲಿ ಚೀಟಿ ಪೋಣಿಸಬೇಕು. ಎಲ್ಲಿ ಸಿಕ್ಕಿತು, ಯಾವ ತಾರೀಖು, ಯಾರು ತಂದರು. ಎಲ್ಲಕ್ಕಿಂತ ಚೆನ್ನಾಗಿ ಉಳಿದ ಒಂದು ಹೆಣ್ಣನ್ನು ಮೂಲ ಮಾದರಿಯೆಂದು ಆರಿಸಿ ಕೆಂಪು ಚೀಟಿ ಹಾಕುತ್ತಾರೆ. ಮುಂದೆ ಯಾರಿಗೇ ಅನುಮಾನ ಬಂದರೂ ಆ ಒಂದು ಹುಳವನ್ನೇ ನೋಡಬೇಕು. ಮೀಸೆಯ ಒಂದೊಂದು ಗೆಣ್ಣಿನ ಉದ್ದ, ಅಗಲ, ರೆಕ್ಕೆಯ ಅಂಚಿನ ಕೂದಲು, ತಲೆಯ ಮೇಲಿನ ಮೂರು ಸಣ್ಣ ಕಣ್ಣುಗಳ ನಡುವಿನ ಅಂತರ ಎಲ್ಲ ಅಳೆದೆ. ನಾಲ್ಕು ತಿಂಗಳಲ್ಲಿ 1,364 ಅಳತೆ. ಒಂದೂ ತಪ್ಪಿಲ್ಲ, ಎರಡು ಸಲ ನೋಡಿದ್ದೇನೆ.

ಹೆಸರು ಏನಿಡೋಣ ಎಂದು ಮೇಡಂ ಕೇಳಿದಾಗ ಊರ ಹೆಸರಿಡೋಣ ಎಂದದ್ದು ನಾನೇ. ರನ್ನ ಬೆಳಗಲಿಯ ಹೆಸರಿಗೆ ಲ್ಯಾಟಿನ್ ಬಾಲ ಹಚ್ಚಿದೆವು. "ಊರು ಖಚಿತ ತಾನೇ?" ಎಂದು ಮೇಡಂ ಒಮ್ಮೆ ಕೇಳಿದರು. ಖಚಿತ ಎಂದೆ. ಆಗಸ್ಟಿನಲ್ಲಿ ಲೇಖನ ಅಚ್ಚಾಯಿತು. ಈ ಕೆಲಸದಲ್ಲಿ ಒಂದು ನಿಯಮವಿದೆ. ಒಮ್ಮೆ ಅಚ್ಚಾದ ಹೆಸರನ್ನು ಅದು ಹೊಂದುವುದಿಲ್ಲ ಎಂಬ ಕಾರಣಕ್ಕೆ ಬದಲಿಸಲಾಗುವುದಿಲ್ಲ. ಊರು ತಪ್ಪಿದ್ದರೂ ಹೆಸರು ನಿಲ್ಲುತ್ತದೆ.

ಸೆಪ್ಟೆಂಬರ್ ಐದಕ್ಕೆ ಹಿಂದಿನ ವರ್ಷದ ಟೊಂಗೆಗಳನ್ನು ಒಗೆಯಲು ಕೂತೆ. ಡಬ್ಬಿ ಖಾಲಿ ಮಾಡುವಾಗ ಒಂದೊಂದರ ಟೊಂಗೆಯನ್ನೂ ನೋಡದೆ ನಂಬರ್ ಹಾಕಿದ ಲಕೋಟೆಗೆ ಸುರಿದಿಟ್ಟಿದ್ದೆ. ಒಂಬತ್ತನೇ ಲಕೋಟೆ ಬಿಚ್ಚಿ ಕೊಡವಿದೆ. ಒಣಗಿದ ಟೊಂಗೆಗಳ ಕಟ್ಟು ಬಿತ್ತು. ಕಟ್ಟಿನ ಸುತ್ತ ಕರಿ ಉಣ್ಣೆಯ ದಾರವಿತ್ತು.

ಮೊದಲು ಮಾಡಿದ್ದು ಹದಿನೇಳನೇ ಲಕೋಟೆ ಬಿಚ್ಚಿದ್ದು. ಅದರಲ್ಲಿ ದಾರವಿರಲಿಲ್ಲ. ಗಂಟು ಎಣಿಸಿದೆ, ಮೂವತ್ತೊಂದು. ದಾರದ ಕಟ್ಟಿನಲ್ಲಿದ್ದದ್ದನ್ನೂ ಎಣಿಸಿದೆ, ಇಪ್ಪತ್ತೈದು. ಎರಡೂ ಲೆಕ್ಕ ನನ್ನ ಪುಸ್ತಕದಲ್ಲಿ ವರ್ಷದಿಂದ ಇದ್ದವು. ಅಂದು ಒಮ್ಮೆ ಎಣಿಸಿ ಹೊಂದಿಸಿದ್ದರೂ ಆಗುತ್ತಿತ್ತು. ಸೆಪ್ಟೆಂಬರ್ ಐದರ ಪುಟದಲ್ಲಿ ಏನೂ ಬರೆದಿಲ್ಲ. ಎಂಟನೇ ಇಯತ್ತೆಯಿಂದ ಇಲ್ಲಿಯ ತನಕ ಖಾಲಿ ಬಿಟ್ಟ ಮೊದಲ ಪುಟ ಅದು.

ಅದೇ ದಿನ ಮೇಡಂಗೆ ಫೋನ್ ಮಾಡಬೇಕಿತ್ತು. ಅಂದೇ ಬಸ್ಸು ಹತ್ತಿ ಹಿಪ್ಪರಗಿಗೆ ಹೋಗಬೇಕಿತ್ತು. ಎರಡನ್ನೂ ಮಾಡಲಿಲ್ಲ. ಮೊದಲು ಬೆಳಗಲಿಯ ಮರ ಮತ್ತೊಮ್ಮೆ ನೋಡೋಣ, ಅಲ್ಲಿಯೂ ಈ ಕಣಜ ಇರಬಹುದು ಎಂದುಕೊಂಡೆ. ಇದ್ದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಆಸೆ ಅದೇ ಇತ್ತು, ಈಗ ಮುಚ್ಚಿಡುವುದಿಲ್ಲ. ಹೋಗಿ ನಲವತ್ತು ಗಂಟು ತಂದೆ. ಹುಳಕ್ಕೆ ಊರ ಹೆಸರು ಬಂದಿದ್ದರಿಂದ ಈ ಸಲ ದಸರೆಗೆ ಮೊದಲೇ ಟೊಂಗೆ ಮುಟ್ಟಲು ಬಿಟ್ಟರು. ನೊಣ ಬಂದವು, ಮಾಮೂಲಿ ಕಣಜ ಬಂದವು. ನಮ್ಮದು ಬರಲಿಲ್ಲ.

ಆ ಗಂಟುಗಳನ್ನು ತರಲು ಹೋದಾಗಲೇ ಬೆಳಗಲಿಯ ಸಾಲಿಯವರು ನನ್ನ ಸತ್ಕಾರಕ್ಕೆ ದಿನ ಗೊತ್ತು ಮಾಡಿದರು, ಸೆಪ್ಟೆಂಬರ್ ಇಪ್ಪತ್ತು. ಬರುವುದಿಲ್ಲ ಎನ್ನಲು ಕಾರಣ ಬೇಕಿತ್ತು. ಇದ್ದ ಕಾರಣ ಹೇಳುವ ಧೈರ್ಯ ಇರಲಿಲ್ಲ. ಹೋದೆ. ಹಲಗೆಯ ಮೇಲೆ ಮಕ್ಕಳು ಹಸಿರು ಸೀಮೆಸುಣ್ಣದಲ್ಲಿ ಕಾಗೆಯಷ್ಟು ದೊಡ್ಡ ಕಣಜ ಬರೆದಿದ್ದರು. ಬನ್ನಿಯ ಕಟ್ಟೆಗೆ ಹೊಸ ಸುಣ್ಣ ಹಚ್ಚಿದ್ದರು. ಶಾಲು ಹೊದಿಸಿದರು, ಕಾಯಿ ಕೊಟ್ಟರು. ಪಂಚಾಯಿತಿಯ ಹಿರಿಯರೊಬ್ಬರು ಮೈಕಿನಲ್ಲಿ, "ನಮ್ಮ ಗಿಡದ ಹುಳಕ್ಕ ನಮ್ಮ ಊರ ಹೆಸರ ಬಂದೈತಿ. ಇನ್ನ ಮ್ಯಾಲ ಈ ಗಿಡಕ್ಕ ಯಾರರ ಕೊಡ್ಲಿ ತಂದ್ರ ಊರ ಹೊರಗ ಹಾಕತೀವಿ" ಎಂದರು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನನ್ನ ಕೈಗೂ ಮೈಕು ಬಂತು. ಎರಡು ನಿಮಿಷ ಕಣಜ ಏನು ತಿನ್ನುತ್ತದೆ ಎಂದು ಹೇಳಿ ಕೂತೆ.

ಮುಚ್ಚಳ ತಪ್ಪಿದ್ದು ತಿಳಿಯದೆ ಆದದ್ದು. ಶಾಲು ಹೊದ್ದದ್ದು ತಿಳಿದೇ.

ಮೇಡಂಗೆ ಹೇಳಿದ್ದು ಇಪ್ಪತ್ನಾಲ್ಕಕ್ಕೆ, ಹತ್ತೊಂಬತ್ತು ದಿನ ಬಿಟ್ಟು. ಅವರು ಬೈಯಲಿಲ್ಲ. ಹೇಗಾಯಿತು ಎಂದು ಕೇಳಿದರು. "ಮನೆಯಲ್ಲಿ ಅವ್ವ ಮುಚ್ಚಳ ತೊಳೆದುಬಿಟ್ಟಿದ್ದಳು" ಎಂದೆ. ಬಾಯಿಂದ ಅದೇ ಮೊದಲು ಬಂತು. ಅವ್ವ ಪಕ್ಕದ ಕೋಣೆಯಲ್ಲಿದ್ದಳು. ಫೋನ್ ಇಟ್ಟ ಮೇಲೆ ಬಾಗಿಲಲ್ಲಿ ನಿಂತು ಕೇಳಿದಳು.

"ನಾ ತೊಳದಿದ್ದಕ್ಕ ತಪ್ಪಾತೇನ?"

"ಇಲ್ಲ ಬೇ. ನಾ ನಂಬರ ಒಳಗ ಹಾಕಬೇಕಾಗಿತ್ತು."

"ಮತ್ತ ಅವ್ರ ಮುಂದ ನನ್ನ ಹೆಸರ ಹೇಳಿದಿ."

ಅವ್ವ ಒಳಗೆ ಹೋಗಿ ಹಿಟ್ಟು ನಾದಲು ಕೂತಳು. ನಾನು ಮೇಡಂಗೆ ಮತ್ತೆ ಫೋನ್ ಮಾಡಿ, ಚೀಟಿ ಒಳಗೆ ಹಾಕದ್ದು ನಾನು, ಎರಡು ಡಬ್ಬಿಗೆ ನೋಡದೆ ನಂಬರ್ ಹಾಕಿದ್ದೂ ನಾನು ಎಂದೆ. ಗೊತ್ತಾಯಿತು, ತಿದ್ದುಪಡಿ ಬರಿ, ಅದಕ್ಕೆ ಮೊದಲು ಹಿಪ್ಪರಗಿಗೆ ಹೋಗಿ ಬಾ ಎಂದರು.

ಅಕ್ಟೋಬರ್ ಎಂಟಕ್ಕೆ ಹೋದೆ. ದಾರಿಯ ತಿರುವಿನಿಂದಲೇ ಮರ ಕಾಣುತ್ತಿತ್ತು ಮೊದಲು. ಕಾಣಲಿಲ್ಲ. ಆ ಮೂಲೆಯಲ್ಲೂ ಕಬ್ಬು ಎದೆಯುದ್ದ ನಿಂತಿತ್ತು, ಉಳಿದ ಸಾಲುಗಳಷ್ಟೇ ಎತ್ತರ, ಅಷ್ಟೇ ಹಸಿರು. ಬುಡ ಎಲ್ಲಿತ್ತು ಎಂದೂ ಗೊತ್ತಾಗಲಿಲ್ಲ.

ಮನೆಯಲ್ಲಿ ಕಾಕು ಒಬ್ಬರೇ ಇದ್ದರು. ನೀರು ಕೊಟ್ಟರು, ಚಹಾಕ್ಕಿಟ್ಟರು. "ಜನವರಿದಾಗ ತಗಸಿದ್ರು," ಎಂದರು ನಾನು ಕೇಳುವ ಮೊದಲೇ. "ಜೆಸಿಬಿ ತಂದು ಬೇರ ಸಹಿತ. ನಾ ಆವತ್ತ ತವರಮನಿಗೆ ಹೋಗಿದ್ದೆ. ನೋಡೂದ ಬ್ಯಾಡಂತ."

ನಾನು ಹೇಳಿದೆ. ಮುಚ್ಚಳ, ಸಾಬೂನು, ದಾರ, ಇಪ್ಪತ್ತೈದು ಗಂಟು, ಎಲ್ಲ. ಹೊಸ ಕಣಜ ಬಂದದ್ದು ನಿಮ್ಮ ಮರದಲ್ಲಿ, ನಾನು ಇಲ್ಲವೆಂದದ್ದು ತಪ್ಪು ಎಂದೆ. ಕಾಕು ಒಲೆಯ ಮುಂದೆ ಕೂತೇ ಕೇಳಿದರು. ಚಹಾ ಉಕ್ಕಿ ಬಂದಾಗ ಕೆಳಗಿಳಿಸಿದರು.

"ಅದಕ್ಕ ಏನ ಹೆಸರ ಇಟ್ರಿ?"

"ಬೆಳಗಲಿ ಹೆಸರ ಇಟ್ಟೇವ್ರಿ. ಅದನ್ನ ಇನ್ನ ಬದಲ ಮಾಡಾಕ ಬರಂಗಿಲ್ಲ."

"ಹೆಣ್ಣಮಕ್ಕಳಗತೆ ಆತಲ್ಲ ಅದರದು. ಹುಟ್ಟಿದ್ದ ಒಂದೂರಾಗ, ಕರಿಯೂದ ಇನ್ನೊಂದೂರಿಂದ." ಸಣ್ಣಗೆ ನಕ್ಕರು. ಆ ನಗು ಬೇಗ ಹೋಯಿತು. "ಅದಿರ್ಲಿ. ನನ್ನ ಮುಂದ ಹೇಳಿದಿ, ಆತು. ಅವ್ರ ಬರ್ತಾರ ಈಗ, ಅವ್ರ ಮುಂದ ಹೇಳು. ವರ್ಷ ಆತು, ಮಾತಿಗೊಮ್ಮೆ ನಿನ್ನ ಗಿಡದಾಗ ಒಂದ ನೊಣಾನೂ ಹುಟ್ಟಲಿಲ್ಲ ಅಂತಾರ. ಮಂದಿ ಮುಂದ ಅಂತಾರ. ನಾ ಹೇಳಿದ್ರ ನಂಬಂಗಿಲ್ಲ."

ಅರ್ಧ ತಾಸು ಕಾದೆವು. ಬೈಕಿನ ಸಪ್ಪಳವಾಯಿತು. ಕಾಕಾ ಒಳಗೆ ಬಂದು, "ಓಹೋ, ಕಣಜದ ತಂಗಿ" ಎಂದು ಕೈಕಾಲು ತೊಳೆಯಲು ಹೋದರು. ಬಂದು ಕೂತ ಮೇಲೆ ಕಾಕು ನನ್ನ ಕಡೆ ನೋಡಿದರು. ನಾನು ಎದ್ದು ನಿಂತು ಮತ್ತೆ ಎಲ್ಲ ಹೇಳಿದೆ. ಎರಡನೇ ಸಲ ಹೇಳುವುದು ಸುಲಭವಾಗಬೇಕಿತ್ತು, ಆಗಲಿಲ್ಲ.

ಕಾಕಾ ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಮಡಚಿದರು.

"ನಾ ಮೂರ ಸಲ ಕೇಳೇನಿ ನಿನ್ನ," ಎಂದರು.

"ಹೌದ್ರಿ."

"ಬರೋಬ್ಬರಿ ನೋಡೀಯಲ್ಲ ಅಂತನೂ ಕೇಳೇನಿ."

"ಹೌದ್ರಿ ಕಾಕಾ. ನಾ ನೋಡಿರಲಿಲ್ಲ. ತಪ್ಪಾತ್ರಿ."

"ನಂಗೂ ಕಡಸಾಕ ಮನಸ ಇರಲಿಲ್ಲ, ತಿಳೀತೇನ? ಅವ್ವ ಹಚ್ಚಿದ ಗಿಡ. ಅದಕ್ಕ ದೇವ್ರಿಗೆ ಕೇಳಿದೆ. ದೇವ್ರ ಒಲ್ಲೆ ಅಂದಿದ್ರ ಬಿಡ್ತಿದ್ದೆ. ಆಂವ ಸುಮ್ಮ ಕುಂತ. ನಿನಗ ಕೇಳಿದೆ." ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. "ನೀ ಸುಮ್ಮ ಕುಂತಿದ್ರೂ ಆಗ್ತಿತ್ತು ಬೇ. ನೀ ಇಲ್ಲ ಅಂದಿ."

ನನಗೆ ಅಳು ಬಂತು. ಅತ್ತರೆ ಅವರೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಅದು ಇನ್ನೂ ಕೆಟ್ಟದ್ದು ಎಂದು ತಡೆದುಕೊಂಡೆ. ಕಾಕಾ ಹೆಂಡತಿಯ ಕಡೆ ನೋಡದೆ, "ನಿನ್ನ ಗಿಡದಾಗ ಇತ್ತಂತ" ಎಂದರು.

"ಕೇಳಿದೆ," ಎಂದರು ಕಾಕು. "ಚಾ ಕುಡೀರಿ."

ಹೊರಡುವಾಗ ಕಾಕಾ ಬೈಕಿನ ಮೇಲೆ ನನ್ನನ್ನು ಹೊಳೆಯಾಚೆಯ ಹೊಲವೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅಳಿಯನ ಬದುವಿನಲ್ಲಿ ಒಂದು ಬನ್ನಿ ಇದೆ. ಹದಿನಾಲ್ಕು ಗಂಟು ಸಿಕ್ಕವು. ಪೆನ್ಸಿಲಿನಿಂದ ಚೀಟಿ ಬರೆದು ಡಬ್ಬಿಯ ಒಳಗೆ ಹಾಕಿದೆ. ಅವರು ಅದನ್ನು ನೋಡುತ್ತ ನಿಂತಿದ್ದರು. ಆ ಹದಿನಾಲ್ಕರಲ್ಲಿ ನಮ್ಮ ಕಣಜ ಬರಲಿಲ್ಲ. ಆಮೇಲೆ ಹೊಳೆಯ ಎರಡೂ ದಂಡೆಯಲ್ಲಿ, ಜಮಖಂಡಿಯ ಕಡೆ, ಬೀಳಗಿಯ ಕಡೆ, ಲೋಕಾಪುರದ ರಸ್ತೆಯಲ್ಲಿ ಹುಡುಕುತ್ತ ಹೋಗಿದ್ದೇನೆ. ಇಂದಿಗೆ ಐವತ್ತಮೂರು ಮರ. ಇನ್ನೆಲ್ಲೂ ಇಲ್ಲ ಎಂದು ನಾನು ಎಲ್ಲೂ ಬರೆದಿಲ್ಲ. ಇಲ್ಲಿಯ ತನಕ ಸಿಕ್ಕಿಲ್ಲ ಎಂದು ಬರೆಯುತ್ತೇನೆ.

ಬೆಳಗಲಿಗೂ ಹೋಗಿ ಹೇಳಿದೆ. ಶಾಲು ಮರಳಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮೈಕಿನಲ್ಲಿ ಮಾತಾಡಿದ್ದ ಹಿರಿಯರು, "ಹೆಸರಂತೂ ನಮ್ಮದ ಐತಲ್ಲ, ಗಿಡ ಇಟ್ಕೋತೀವಿ ಬಿಡು" ಎಂದರು. ಆ ಮರ ಉಳಿದದ್ದಕ್ಕೆ ಸಂತೋಷ ಪಡಬೇಕೋ ಬೇಡವೋ ನನಗೆ ಇನ್ನೂ ತಿಳಿದಿಲ್ಲ.

ತಿದ್ದುಪಡಿ ಅಚ್ಚಾದ ಮೇಲೆ ಮೂಲ ಮಾದರಿಯ ಸೂಜಿಗೆ ಹೊಸ ಚೀಟಿ ಹಾಕುವುದೊಂದು ಉಳಿದಿತ್ತು. ನಾನು ಹಳೆಯ ಚೀಟಿಯನ್ನು ಚಿಮಟಿಗೆಯಿಂದ ಎಳೆಯಲು ಹೋದೆ. ಮೇಡಂ ಕೈ ಹಿಡಿದರು. ಒಮ್ಮೆ ಪೋಣಿಸಿದ ಚೀಟಿಯನ್ನು ತೆಗೆಯುವಂತಿಲ್ಲವಂತೆ, ತಪ್ಪಿದ್ದರೂ. ಅದರ ಕೆಳಗೆ ಸರಿಯಾದದ್ದನ್ನು ಸೇರಿಸಬೇಕು, ಎರಡೂ ಒಂದೇ ಸೂಜಿಯಲ್ಲಿ ಇರಬೇಕು. ಹಾಗಾಗಿ ನನ್ನ ಕೈಬರಹದ 'ರನ್ನ ಬೆಳಗಲಿ, ಅಕ್ಟೋಬರ್ 14' ಆ ಹುಳ ಇರುವ ತನಕ ಅಲ್ಲೇ ಇರುತ್ತದೆ.

ಹೊಸ ಚೀಟಿ ಉಗುರಿನಷ್ಟು ದೊಡ್ಡದು. ಮೊದಲ ಸಾಲು ಹಿಪ್ಪರಗಿ, ತಾರೀಖು. ಎರಡನೇ ಸಾಲು ಟೊಂಗೆ ಮುರಿದು ಕೊಟ್ಟವರ ಹೆಸರು. ಕಾಕುಗೆ ಫೋನ್ ಮಾಡಿ ಪೂರ್ತಿ ಹೆಸರು ಕೇಳಿ, ಮೂರು ಸಲ ಓದಿ ಹೇಳಿ, ಅವರು ಹೌದೆಂದ ಮೇಲೆ ಬರೆದೆ. ಮೂರನೇ ಸಾಲಿಗೆ ಜಾಗ ಸಾಲುತ್ತಿರಲಿಲ್ಲ. ಅಕ್ಷರ ಸಣ್ಣದು ಮಾಡಿ, ಭೂತಗನ್ನಡಿ ಹಿಡಿದು ಬರೆದೆ. ಮರ ಕಡಿಯಲಾಗಿದೆ, ಎಂದು.